ಮೂರು ಹೊತ್ತೂ ರಾಗಿ ತಿಂದರೆ ಶುಗರ್ ಇಳಿಯುತ್ತಾ?

ಕೇಳಿದ್ದು: ಅಮ್ಮನಿಗೆ 58 ವರ್ಷ. ಹೋದ ವಾರ ಶುಗರ್ ಇದೆ ಅಂತ ಗೊತ್ತಾಯಿತು. ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ರಕ್ತ ಪರೀಕ್ಷೆ) 8.4 ಬಂದಿದೆ. ಡಾಕ್ಟರ್ ಮಾತ್ರೆ ಶುರು ಮಾಡಿದ್ದಾರೆ. ಅನ್ನ ಬಿಟ್ಟು ಮೂರು ಹೊತ್ತೂ ರಾಗಿ ತಿಂದರೆ ಸಾಕು ಅಂತ ನೆಂಟರು ಹೇಳುತ್ತಿದ್ದಾರೆ. ಶುಗರ್ ಇರುವವರು, ಮನೆಯಲ್ಲಿ ನೋಡಿಕೊಂಡವರು ದಯವಿಟ್ಟು ನಿಮ್ಮ ಅನುಭವ ಹೇಳಿ.

ಮಂಡ್ಯದಿಂದ ಒಬ್ಬರು: ನಾನೂ ಇದನ್ನೇ ಮಾಡಿದ್ದೆ, ಅದಕ್ಕೇ ಬರೆಯುತ್ತಿದ್ದೇನೆ. ನನಗೆ ಶುಗರ್ ಬಂದು ಒಂಬತ್ತು ವರ್ಷ ಆಯಿತು. ಗೊತ್ತಾದ ದಿನವೇ ಅನ್ನ ಪೂರ್ತಿ ಬಿಟ್ಟೆ. ಬೆಳಿಗ್ಗೆ ರಾಗಿ ಗಂಜಿ, ಮಧ್ಯಾಹ್ನ, ರಾತ್ರಿ ದೊಡ್ಡ ಮುದ್ದೆ. ಮೂರು ತಿಂಗಳಾದರೂ ರಿಪೋರ್ಟ್ ಹಾಗೇ ಇತ್ತು. ಆಮೇಲೆ ಗ್ಲುಕೋಮೀಟರ್ ತಂದೆ. ಊಟಕ್ಕೆ ಕೂತು ಸರಿಯಾಗಿ ಎರಡು ಗಂಟೆ ಆದ ಮೇಲೆ ಬೆರಳು ಚುಚ್ಚಿ ಶುಗರ್ ನೋಡುವುದು, ತಿಂದಿದ್ದನ್ನು ಪಕ್ಕದಲ್ಲೇ ಬರೆದಿಡುವುದು. ಗಂಜಿ ಕುಡಿದ ದಿನ 230 ಬಂತು. ದೊಡ್ಡ ಮುದ್ದೆಯನ್ನು ತೆಳ್ಳಗಿನ ಸಾರಲ್ಲಿ ಉಂಡ ದಿನ 205. ಅರ್ಧ ಮುದ್ದೆ, ಬಸ್ಸಾರು, ಜೊತೆಗೆ ಬಸಿದ ಸೊಪ್ಪು ಕಾಳಿನ ಪಲ್ಯ ತಟ್ಟೆ ತುಂಬ ಹಾಕಿಸಿಕೊಂಡ ದಿನ 150ರ ಆಸುಪಾಸು!

ರಾಗಿಯಲ್ಲಿ ನಾರು ಜಾಸ್ತಿ, ನಿಜ. ಆದರೆ 100 ಗ್ರಾಂ ರಾಗಿಯಲ್ಲಿ ಸುಮಾರು 70 ಗ್ರಾಂ ಕಾರ್ಬೋಹೈಡ್ರೇಟ್ ಇರುತ್ತದೆ. ಅಕ್ಕಿಗಿಂತ ಸ್ವಲ್ಪ ಕಡಿಮೆ, ಅಷ್ಟೇ. ಅದನ್ನು ನುಣ್ಣಗೆ ಬೀಸಿ ಗಂಜಿ ಕಾಸಿದರೆ ಬೇಗ ಅರಗಿ ರಕ್ತಕ್ಕೆ ಸೇರುತ್ತದೆ. ಈಗ ನಾನು ಅನ್ನವನ್ನೂ ತಿನ್ನುತ್ತೇನೆ, ಒಂದೇ ಸೌಟು. ಮೊದಲು ಪಲ್ಯ, ಕೋಸಂಬರಿ, ಆಮೇಲೆ ಅನ್ನ. ಉಂಡ ಮೇಲೆ ಮಲಗದೆ 15 ನಿಮಿಷ ಓಡಾಡುತ್ತೇನೆ. ಕಾಲು ಆಡಿದಷ್ಟೂ ಸ್ನಾಯುಗಳು ಆ ಸಕ್ಕರೆಯನ್ನು ಬಳಸಿಕೊಳ್ಳುತ್ತವೆ. ಬೆಲ್ಲದ ಕಾಫಿ ಕುಡಿಯಬಹುದು ಅಂತಾರಲ್ಲ, ಅದನ್ನು ಮಾತ್ರ ನಂಬಬೇಡಿ.

ಶಿವಮೊಗ್ಗದಿಂದ ಒಬ್ಬರು: ನಮ್ಮ ಅತ್ತೆಗೆ ಆರು ವರ್ಷದಿಂದ ಶುಗರ್. ತಮಗೊಬ್ಬರಿಗೇ ಬೇರೆ ಅಡುಗೆ ಅಂದರೆ ಅಮ್ಮಂದಿರು ನಾಲ್ಕು ದಿನ ಮಾಡಿಕೊಂಡು ಬಿಟ್ಟುಬಿಡುತ್ತಾರೆ. ನಮ್ಮತ್ತೆ ಎಲ್ಲರಿಗೂ ಬಡಿಸಿ, ಉಳಿದ ಅನ್ನ ಚೆಲ್ಲಬಾರದು ಅಂತ ರಾತ್ರಿ ಹತ್ತೂವರೆಗೆ ತಿನ್ನುತ್ತಿದ್ದರು. ಈಗ ಮನೆಗೆಲ್ಲ ಒಂದೇ ಅಡುಗೆ. ಅಕ್ಕಿ ಅಳೆಯುವಾಗಲೇ ಅರ್ಧ ಪಾವು ಕಡಿಮೆ. ಎಂಟಕ್ಕೆ ಎಲ್ಲರೂ ಒಟ್ಟಿಗೆ ಕೂರುತ್ತೇವೆ.

ಇನ್ನೊಂದು ಮಾತು. ಒಂದು ಏಕಾದಶಿ ದಿನ ಅತ್ತೆ ಉಪವಾಸ ಇದ್ದು ಮಾತ್ರೆ ಮಾತ್ರ ನುಂಗಿದ್ದರು. ಮಧ್ಯಾಹ್ನ ಮೈಯೆಲ್ಲ ಬೆವರು, ಕೈ ನಡುಕ. ಶುಗರ್ ನೋಡಿದರೆ 58. ಮೂರು ಚಮಚ ಸಕ್ಕರೆ ನೀರಲ್ಲಿ ಕದಡಿ ಕುಡಿಸಿದೆವು. 15 ನಿಮಿಷ ಬಿಟ್ಟು ನೋಡಿದಾಗ 70 ದಾಟಿತ್ತು. ಆಮೇಲೆ ಊಟ ಕೊಟ್ಟೆವು. ಅವರದು ಗ್ಲಿಮೆಪಿರೈಡ್ ಅನ್ನುವ ಮಾತ್ರೆ. ಊಟ ತಪ್ಪಿದರೆ ಅದು ಶುಗರನ್ನು ತೀರಾ ಇಳಿಸಿಬಿಡಬಹುದು. ಬರೀ ಮೆಟ್‌ಫಾರ್ಮಿನ್ ಆದರೆ ಆ ಭಯ ಕಡಿಮೆ. ಅಮ್ಮನ ಚೀಟಿಯಲ್ಲಿ ಯಾವುದಿದೆ ಅಂತ ಇವತ್ತೇ ನೋಡಿ. ಊಟ ಕಡಿಮೆ ಮಾಡಿಸುವ ಮುಂಚೆ ಡಾಕ್ಟರಿಗೆ ಹೇಳಿ. ಮಾತ್ರೆ ಎಷ್ಟು ಬೇಕು ಅಂತ ಅವರೇ ನೋಡಿ ಬದಲಿಸುತ್ತಾರೆ. ನೀವಾಗಿ ನಿಲ್ಲಿಸಬೇಡಿ.