ವಿಜಯಪುರದ ಹಬ್ಶಿಗಳು, ಯಲ್ಲಾಪುರದ ಸಿದ್ದಿಗಳು: ದಾಖಲಿಸುವುದು ಹೇಗೆ?

ಪ್ರಶ್ನೆ (ದಖನ್_ದಾರಿ): ಭಾರತಕ್ಕೆ ಬಂದ ಆಫ್ರಿಕನ್ನರ ಕುರುಹುಗಳನ್ನು ಖುಲ್ದಾಬಾದಿನ ಮಲಿಕ್ ಅಂಬರ್ ಗೋರಿಯಿಂದ ಶುರುಮಾಡಿ ವಿಜಯಪುರ, ಯಲ್ಲಾಪುರ, ಹಳಿಯಾಳದವರೆಗೆ ದಾಖಲಿಸುವ ಯೋಜನೆ ಇದೆ. ಆದಿಲ್‌ಶಾಹಿ (ವಿಜಯಪುರದ ಸುಲ್ತಾನರ ಆಳ್ವಿಕೆಯ) ಹಬ್ಶಿ, ಅಂದರೆ ಆಫ್ರಿಕನ್ ಮೂಲದ, ಸರದಾರರ ವಂಶಜರೇ ಉತ್ತರ ಕನ್ನಡದ ಕಾಡಿನಲ್ಲಿರುವ ಆಫ್ರಿಕನ್ ಮೂಲದ ಸಿದ್ದಿಗಳು ಎಂಬ ಎಳೆ ಹಿಡಿಯಬಹುದೇ? ಶಾಸನ, ಸಂದರ್ಶನಗಳಿಗೆ ಏನೇನು ಸಿದ್ಧತೆ ಬೇಕು?

ಶಿಲಾಲೇಖ: ಆ ಎಳೆಯನ್ನು ಮೊದಲೇ ಹಿಡಿದು ಹೊರಡಬೇಡಿ. ಅಹಮದ್‌ನಗರದ ಮಲಿಕ್ ಅಂಬರ್ (ನಿಧನ 1626), ವಿಜಯಪುರದ ಇಖ್ಲಾಸ್ ಖಾನ್ ಮುಂತಾದ ಹಬ್ಶಿಗಳು ಸೈನ್ಯ, ಆಡಳಿತದ ಮೂಲಕ ಮೇಲೇರಿದವರು. ಉತ್ತರ ಕನ್ನಡದ ಸಿದ್ದಿಗಳಲ್ಲಿ ಬಹಳಷ್ಟು ಮಂದಿಯ ಹಿನ್ನೆಲೆ ಪೋರ್ಚುಗೀಸ್ ಗೋವಾದ ಗುಲಾಮಗಿರಿಯ ಕಡೆಗೆ ಹೋಗುತ್ತದೆ. ಹಾಗಾಗಿ ಪಣಜಿಯ ಪತ್ರಾಗಾರ ಬಿಟ್ಟರೆ ಅರ್ಧ ಕಥೆಯೇ ಹೋಯಿತು. ಅಲ್ಲಿಯೂ ಹೆಸರಿನಿಂದ ಹುಡುಕಿದರೆ ದಾರಿ ತಪ್ಪುತ್ತದೆ: ದೀಕ್ಷಾಸ್ನಾನದ ವೇಳೆ ಗುಲಾಮರಿಗೂ ಪೋರ್ಚುಗೀಸ್ ಹೆಸರನ್ನೇ ಇಡುತ್ತಿದ್ದರು.

ಇನ್ನು ಶಾಸನ. ವಿಜಯಪುರದ ಇಬ್ರಾಹಿಂ ರೋಜಾದ (ಎರಡನೇ ಇಬ್ರಾಹಿಂ ಆದಿಲ್‌ಶಾಹನ ಗೋರಿ) ಪರ್ಷಿಯನ್ ಬರಹದಲ್ಲಿ ಅದರ ನಿರ್ಮಾಣ ನೋಡಿಕೊಂಡ ಹಬ್ಶಿ ಮಲಿಕ್ ಸಂದಲ್ ಹೆಸರಿದೆ, ನೋಡಿ. ಟಾರ್ಚನ್ನು ಗೋಡೆಗೆ ತೀರಾ ಓರೆಯಾಗಿ, ಒಮ್ಮೆ ಎಡದಿಂದ, ಒಮ್ಮೆ ಮೇಲಿನಿಂದ ಹಿಡಿದು ಎರಡೆರಡು ಚಿತ್ರ ತೆಗೆಯಿರಿ. ಎದುರಿನಿಂದ ಫ್ಲ್ಯಾಶ್ ಬಿದ್ದರೆ ಉಬ್ಬಕ್ಷರದ ನೆರಳೇ ಅಳಿಸಿಹೋಗುತ್ತದೆ. ಅಕ್ಷರಕ್ಕೆ ಸೀಮೆಸುಣ್ಣ ಬಳಿಯಲೇಬೇಡಿ. ಟ್ರೈಪಾಡಿಗೆ ಪುರಾತತ್ವ ಇಲಾಖೆಯ ಅನುಮತಿ ಬೇಕು. ಹಿಜರಿ ವರ್ಷವನ್ನು ಒಂದೇ ಇಸವಿಗೆ ಇಳಿಸಬೇಡಿ. 1036 ಅಂದರೆ 1626ರ ಸೆಪ್ಟೆಂಬರಿನಿಂದ ಮುಂದಿನ ಸೆಪ್ಟೆಂಬರ್‌ವರೆಗೆ. 1626-27 ಎಂದೇ ಬರೆಯಿರಿ.

ಘಟ್ಟದಮೇಲೆ: ಸಂದರ್ಶನದ ಮಾತು. ಸಿದ್ದಿಗಳ ಮನೆಮಾತು ಹೆಚ್ಚಾಗಿ ಕೊಂಕಣಿಯ ಒಂದು ಬಗೆ. ಕನ್ನಡದಲ್ಲೇ ಕೇಳಿದರೆ ಉತ್ತರ ಚುಟುಕಾಗುತ್ತದೆ. ಅದೇ ಸಮುದಾಯದವರೊಬ್ಬರನ್ನು ಸಂಬಳ ಕೊಟ್ಟು ಜೊತೆಗಿಟ್ಟುಕೊಳ್ಳಿ. "ಆಫ್ರಿಕಾದಿಂದ ಯಾವಾಗ ಬಂದಿರಿ?" ಎಂದು ಆರಂಭಿಸಿದರೆ ಹಿಂದೆ ಬಂದ ಟಿವಿಯವರು ಹೇಳಿಹೋದದ್ದೇ ನಿಮಗೆ ವಾಪಸು ಸಿಗುತ್ತದೆ. ಅಜ್ಜಿಯ ತವರು ಯಾವುದು, ಯಾರ ಗದ್ದೆ ಮಾಡುತ್ತಿದ್ದರು, ಹಿರಿಯರ ಪೂಜೆಗೆ ಯಾರ್‍ಯಾರು ಸೇರುತ್ತಾರೆ ಎಂದು ಕೇಳಿ.

ರೆಕಾರ್ಡಿಂಗ್ ವೇವ್ ಫೈಲ್, 48 ಕಿಲೋಹರ್ಟ್ಸ್, 24 ಬಿಟ್. ಮೋನೋದಲ್ಲಿ ಗಂಟೆಗೆ ಸುಮಾರು 520 ಎಂಬಿ. ಒಪ್ಪಿಗೆಯನ್ನೂ ಅದರಲ್ಲೇ ದಾಖಲಿಸಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೇಡ. ಹಂಚಿನ ಮೇಲೆ ಮಳೆ ಹೊಡೆಯುವಾಗ ಯಾವ ಮೈಕೂ ಕೆಲಸಕ್ಕೆ ಬಾರದು.

ಸಿದ್ದಿ ಹೆಂಗಸರು ಹೊಲಿಯುವ ಕೌದಿಗಳನ್ನು (ಹಳೆ ಬಟ್ಟೆಯ ಹೊದಿಕೆ) ಮರೆಯಬೇಡಿ. ಹಳೆ ಸೀರೆಗಳ ತುಂಡುಗಳನ್ನು ಅಂಚಿನಿಂದ ಸುತ್ತು ಹಾಕುತ್ತಾ ನಡುವಿನ ಕಡೆಗೆ ಹೊಲಿಯುತ್ತಾರೆ. ಮೂಲೆಯಲ್ಲಿ ಮಡಿಸಿ ಪದರ ಪದರವಾಗಿ ಕೂರಿಸುವ ತ್ರಿಕೋನದ 'ಫೂಲ್' ಇಲ್ಲದಿದ್ದರೆ ಕೌದಿ ಪೂರ್ತಿಯಾಗಲಿಲ್ಲ ಎಂದೇ ಲೆಕ್ಕ. ಎರಡೂ ಮಗ್ಗುಲು, ನಾಲ್ಕೂ ಮೂಲೆ, ಅಳತೆಪಟ್ಟಿ ಇಟ್ಟು ಚಿತ್ರ ತೆಗೆಯಿರಿ. ಹೊಲಿದವರ ಹೆಸರು ಹಾಕಬೇಕೋ ಬೇಡವೋ ಎಂದು ಅವರನ್ನೇ ಕೇಳಿ.

ದಖನ್_ದಾರಿ: ಜನಸಂಖ್ಯೆಗೆ 2011ರ ಜನಗಣತಿಯ ಪರಿಶಿಷ್ಟ ಪಂಗಡ ಪಟ್ಟಿ ಸಾಕೇ?

ಶಿಲಾಲೇಖ: ಇಡೀ ರಾಜ್ಯಕ್ಕೆ ಸಾಲದು. 2003ರಲ್ಲಿ ಪಟ್ಟಿಗೆ ಸೇರಿದ್ದು ಉತ್ತರ ಕನ್ನಡದ ಸಿದ್ದಿಗಳು ಮಾತ್ರ. ಧಾರವಾಡ, ಬೆಳಗಾವಿ ಜಿಲ್ಲೆಯವರು ಸೇರಿದ್ದು 2020ರ ತಿದ್ದುಪಡಿಯಿಂದ. ಅಂಕಿ ಬಳಸುವುದಾದರೆ ಪಕ್ಕದಲ್ಲೇ ಜಿಲ್ಲೆಯ ಹೆಸರು ಬರೆಯಿರಿ.