ಅಪ್ಪನ ಕಾಲದ ಗೀಸರ್, ಫ್ರಿಜ್ ಗುಜರಿಗೆ: ಒಟ್ಟಿಗೆ ಕೊಟ್ಟುಬಿಡಲಾ?

ಪ್ರಶ್ನೆ, ಶಿವಮೊಗ್ಗದಿಂದ:
ಅಪ್ಪನ ಮನೆ ಖಾಲಿ ಮಾಡ್ತಿದ್ದೀವಿ. 25 ಲೀಟರಿನ ಗೀಸರ್, ಹಳೇ ಫ್ರಿಜ್, ಸುಟ್ಟುಹೋದ ಎರಡು ಮಿಕ್ಸಿ, ಡಬ್ಬಾ ಟಿವಿ ಇವೆ. ಬೀದಿಗೆ ಬಂದ ಗುಜರಿಯವರು ಎಲ್ಲಾ ಸೇರಿ 1,200 ರೂಪಾಯಿ ಅಂದರು. ಫ್ರಿಜ್ಜಿನ ಪೈಪು ಕತ್ತರಿಸಿ ಕಂಪ್ರೆಸರ್ ಇವತ್ತೇ ಒಯ್ತೀನಿ, ಉಳಿದದ್ದಕ್ಕೆ ನಾಳೆ ಆಟೋ ತರ್ತೀನಿ ಅಂತಾರೆ. ಗೀಸರ್ ಮೇಲೆ ಅಪ್ಪ ಪೇಂಟಿನಲ್ಲಿ 12-4-1988 ಅಂತ ಬರೆದಿದ್ದಾರೆ, ಕೊಡೋಕೆ ಮನಸ್ಸೇ ಬರ್ತಿಲ್ಲ. ಏನು ಮಾಡಲಿ?

ಉತ್ತರ, ಭದ್ರಾವತಿಯ ರಿವೈಂಡಿಂಗ್ ಅಂಗಡಿಯಿಂದ:
ಇವತ್ತು ಏನೂ ಕೊಡಬೇಡಿ ಮೇಡಂ. ಮೂವತ್ತು ವರ್ಷದಿಂದ ಮೋಟಾರ್ ಸುತ್ತುತ್ತಿದ್ದೀನಿ, ಹಳೇ ಸಾಮಾನು ಒಟ್ಟಿಗೆ ಕೊಟ್ಟು ಜನ ಕಳೆದುಕೊಳ್ಳೋದನ್ನ ಕಂಡು ಹೊಟ್ಟೆ ಉರಿಯುತ್ತೆ.

ಮೊದಲು ಗೀಸರ್. ಆ ಕಾಲದ ಎಷ್ಟೋ ಗೀಸರಿನ ಒಳಟ್ಯಾಂಕು ತಾಮ್ರದ್ದು. ಕೈಗವಸು ಹಾಕಿ, ಮೂಗಿಗೆ ಬಟ್ಟೆ ಕಟ್ಟಿ ಹೊದಿಕೆ ಬಿಚ್ಚಿ, ಒಳಗಿನ ಗ್ಲಾಸ್‌ವೂಲ್ ಮೈಗೆ ತಾಗಿದರೆ ಕಡಿಯುತ್ತೆ. ಟ್ಯಾಂಕಿಗೆ ಅಯಸ್ಕಾಂತ ಹಿಡೀರಿ. ಅಂಟಿದರೆ ಕಬ್ಬಿಣ. ಅಂಟದಿದ್ದರೆ ಮೊಳೆಯಿಂದ ಚೂರು ಕೆರೆದು ನೋಡಿ, ಕೆಂಪಗೆ ಮಿನುಗಿದರೆ ತಾಮ್ರ. ನನ್ನ ಹತ್ತಿರ ಬಂದ ಅಂಥದ್ದೊಂದು ನಾಲ್ಕು ಕೆಜಿ ಮೇಲೇ ತೂಗಿತ್ತು.

ಮಿಕ್ಸಿ, ಕಂಪ್ರೆಸರಿನ ತಂತಿ ಮಾತ್ರ ಬಣ್ಣ ನೋಡಿ ನಂಬಬೇಡಿ. ಅಲ್ಯೂಮಿನಿಯಂ ತಂತಿಗೂ ತಾಮ್ರದ ಬಣ್ಣದ ಎನಾಮೆಲ್ ಬಳಿದಿರ್ತಾರೆ, ಬ್ಲೇಡಿನಿಂದ ಕೆರೆದರೆ ಬಿಳಿ ಹೊರಬರುತ್ತೆ. ಸುಟ್ಟು ತೆಗೀತೀನಿ ಅಂತ ಯಾರಾದರೂ ಅಂದರೆ ಒಪ್ಪಬೇಡಿ. ವೈರಿನ ಮೇಲಿನ ಪಿವಿಸಿ ಪ್ಲಾಸ್ಟಿಕ್ ಉರಿದರೆ ಡಯಾಕ್ಸಿನ್ ವಿಷ ಬರುತ್ತೆ, ಬೀದಿ ಮಕ್ಕಳೂ ಅದೇ ಗಾಳಿ ಕುಡೀತಾರೆ.

ಫ್ರಿಜ್ ಪೈಪು ಕತ್ತರಿಸೋದು ಬೇಡವೇ ಬೇಡ. ಉಸ್ಸೆಂದು ಹೋಗೋದು ಫ್ರಿಜ್ ತಂಪು ಮಾಡೋ ಅನಿಲ. ಹಳೇ ಫ್ರಿಜ್ಜಲ್ಲಿ ಅದು ಆರ್-12 ಇರಬಹುದು, ಓಝೋನ್ ಪದರ ತಿನ್ನೋದು. ಹೊಸದರಲ್ಲಿ ಆರ್-600ಎ ಇದ್ದರೆ ಬೆಂಕಿ ಹತ್ತುತ್ತೆ. ಕಂಪ್ರೆಸರ್ ಮೇಲಿನ ಲೇಬಲ್ ಓದಿ ಹೇಳಿ.

ಉತ್ತರ, ಬೆಂಗಳೂರಿನಿಂದ:
ಟಿವಿ ಗುಜರಿಯವರಿಗೆ ಕೊಡಬೇಡಿ. ಅದರ ಗಾಜಿನಲ್ಲಿ ಸೀಸ ಇರುತ್ತೆ. ತಾಮ್ರದ ಸುರುಳಿಗೋಸ್ಕರ ಟ್ಯೂಬು ಒಡೆದು, ಚೂರುಗಳನ್ನ ರಸ್ತೆ ಬದಿ ಸುರಿದದ್ದನ್ನ ನಾನೇ ನೋಡಿದ್ದೀನಿ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರೋ ಇ-ತ್ಯಾಜ್ಯ ನಿಯಮಗಳ ಪ್ರಕಾರ ಟಿವಿ, ಫ್ರಿಜ್ ನೋಂದಾಯಿತ ಮರುಬಳಕೆದಾರರಿಗೇ ಹೋಗಬೇಕು. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲಿ ಕೇಳಿ ನೋಡಿ.

ಪ್ರಶ್ನೆ ಕೇಳಿದವರು:
ಸರ್, ಕೆರೆದೆ. ಕೆಂಪು! ತೂಕದ ಅಂಗಡಿಯಲ್ಲಿ ನಾಲ್ಕು ಕೆಜಿ ಇನ್ನೂರು ಗ್ರಾಂ. ತಾರೀಕು ಬರೆದಿದ್ದ ಹೊದಿಕೆಯನ್ನ ಕೊಡಲಿಲ್ಲ, ತೊಳೆದು ಮಹಡಿ ಮೇಲೆ ಇಟ್ಟಿದ್ದೀನಿ. ಫ್ರಿಜ್ ಲೇಬಲ್ಲಿನಲ್ಲಿ ಆರ್-12 ಅಂತಲೇ ಇದೆ. ಆ ಅನಿಲ ಯಾರಿಂದ ತೆಗೆಸೋದು?

ಉತ್ತರ, ಭದ್ರಾವತಿಯಿಂದ:
ಎಸಿ ರಿಪೇರಿಯವರನ್ನ ಕೇಳಿ, ಅನಿಲ ಎಳೆದು ಸಿಲಿಂಡರಿಗೆ ತುಂಬೋ ರಿಕವರಿ ಮೆಷಿನ್ ಇದೆಯಾ ಅಂತ. ಇದೆ ಅಂದವರ ಕೈಗೆ ಮಾತ್ರ ಕೊಡಿ. ಅಲ್ಲಿವರೆಗೆ ಫ್ರಿಜ್ ನೆಟ್ಟಗೆ ನಿಲ್ಲಿಸಿ, ಬಾಗಿಲು ಕಳಚಿಡಿ, ಮಕ್ಕಳು ಒಳಗೆ ಸಿಕ್ಕಿಕೊಳ್ಳಬಾರದು.