ಮ್ಯೂಸ್‌ಸ್ಕೋರ್ 4 ಮತ್ತು ಎನ್‌ವಿಡಿಎ: ಓದುತ್ತಿರುವಾಗಲೇ ಸ್ವರಗಳು ಬದಲಾಗುತ್ತಿವೆ

ಪ್ರಶ್ನೆ

ನಾನು ದೃಷ್ಟಿಯಿಲ್ಲದ ಪಿಯಾನೋ ವಾದಕಿ. ವಿಂಡೋಸ್ ಕಂಪ್ಯೂಟರಿನಲ್ಲಿ, ಪರದೆಯನ್ನು ಧ್ವನಿಯಲ್ಲಿ ಓದಿ ಹೇಳುವ ಎನ್‌ವಿಡಿಎ ಸ್ಕ್ರೀನ್ ರೀಡರ್ ಜೊತೆಗೆ ಸ್ವರಲಿಪಿ ತಂತ್ರಾಂಶವಾದ ಮ್ಯೂಸ್‌ಸ್ಕೋರ್ 4 ಬಳಸುತ್ತಿದ್ದೇನೆ. ಬೆರಳಿನಿಂದ ಓದುವ 40 ಕೋಶಗಳ ಬ್ರೈಲ್ ಡಿಸ್‌ಪ್ಲೇಯೂ ಇದೆ. ಎಡ-ಬಲ ಬಾಣದ ಕೀಲಿಗಳಿಂದ ಬಲಗೈಯ ಸ್ಟಾಫನ್ನು (ಸ್ವರ ಬರೆಯುವ ಐದು ಗೆರೆಗಳ ಸಾಲನ್ನು) ಸಲೀಸಾಗಿ ಓದಬಹುದು. ಎಡಗೈಯ ಸ್ಟಾಫಿಗೆ ಇಳಿಯಲು ಕೆಳಬಾಣ ಒತ್ತಿದರೆ ಬೇರೊಂದು ಸ್ವರದ ಹೆಸರು ಕೇಳಿಸುತ್ತದೆ, ಮತ್ತೆ ಒತ್ತಿದರೆ ಇನ್ನೊಂದು. ಆದರೆ ಕೊನೆಯಲ್ಲಿ ಇಡೀ ಕೃತಿಯನ್ನು ನುಡಿಸಿ ಕೇಳಿದಾಗ ಬಲಗೈಯ ಸ್ವರಗಳು ಅಲ್ಲಲ್ಲಿ ಕೆಟ್ಟಿರುತ್ತವೆ.

ಎರಡನೆಯ ತೊಂದರೆ ಸ್ವರ ಬರೆಯುವಾಗಿನದು. ಜಿ ಒತ್ತಿ ಅದರ ಕೆಳಗಿನ ಸಿ ಬರೆಯಲು ಹೊರಟರೆ ಪ್ರತಿ ಸಲವೂ ಮೇಲಿನ ಸಿ ಬರುತ್ತದೆ. ಇದಲ್ಲದೆ, ಸಹವಾದಕರು ಪಿಡಿಎಫ್ ರೂಪದಲ್ಲಿ ಕಳುಹಿಸಿದ ಕೃತಿಯನ್ನು ತೆರೆದಾಗ ಸ್ಕ್ರೀನ್ ರೀಡರ್ ಶೀರ್ಷಿಕೆಯನ್ನಷ್ಟೇ ಓದಿ ಸುಮ್ಮನಾಗುತ್ತದೆ. ಈ ಮೂರಕ್ಕೂ ದಾರಿ ತಿಳಿದವರು ದಯವಿಟ್ಟು ತಿಳಿಸಿ.

ಉತ್ತರ

ಕೆಳಬಾಣ ಒತ್ತಿದಾಗ ನೀವು ಎಡಗೈಯ ಸ್ಟಾಫನ್ನು ತಲುಪುತ್ತಲೇ ಇಲ್ಲ. ಬರಹದ ಕಡತದಲ್ಲಿ ಮೇಲೆ-ಕೆಳಗೆ ಬಾಣಗಳು ಸಾಲಿನಿಂದ ಸಾಲಿಗೆ ಕರೆದೊಯ್ಯುತ್ತವೆ. ಮ್ಯೂಸ್‌ಸ್ಕೋರಿನಲ್ಲಿ ಒಂದು ಸ್ವರ ಆಯ್ಕೆಯಾಗಿರುವಾಗ ಅವೇ ಕೀಲಿಗಳು ಆ ಸ್ವರವನ್ನು ಅರ್ಧ ಸ್ವರದಷ್ಟು ಏರಿಸುತ್ತವೆ ಅಥವಾ ಇಳಿಸುತ್ತವೆ. ನೀವು ಇ ಮೇಲೆ ನಿಂತು ಎರಡು ಸಲ ಕೆಳಬಾಣ ಒತ್ತಿದಿರಿ ಎಂದುಕೊಳ್ಳೋಣ: ಮೊದಲು ಇ ಫ್ಲಾಟ್ ಕೇಳಿಸುತ್ತದೆ, ನಂತರ ಡಿ. ಕಿವಿಗೆ ಅದು ಎಡಗೈಯ ಸ್ವರವೆಂದೇ ತೋರಬಹುದು, ಆದರೆ ಬಲಗೈಯ ಇ ಅಷ್ಟರಲ್ಲಿ ಡಿ ಆಗಿಬಿಟ್ಟಿರುತ್ತದೆ. ಪರದೆ ಕಾಣುವವರಿಗೆ ಸ್ವರದ ತಲೆ ಜರುಗಿದ್ದು ಆ ಕ್ಷಣವೇ ಗೊತ್ತಾಗುತ್ತದೆ. ನಮಗೆ ಎರಡೂ ಸಂದರ್ಭಗಳಲ್ಲಿ ಕೇಳಿಸುವುದು ಒಂದು ಹೊಸ ಸ್ವರದ ಹೆಸರು ಮಾತ್ರ, ಆದ್ದರಿಂದ ಇದು ತಂತ್ರಾಂಶದ ವಿನ್ಯಾಸದಲ್ಲಿಯೇ ಇರುವ ತೊಡಕು ಎಂಬುದು ನನ್ನ ಅಭಿಪ್ರಾಯ.

ಕದಲಿಸದೆ ಓದಬೇಕಾದರೆ ಆಲ್ಟ್ ಕೀಲಿಯನ್ನು ಹಿಡಿದು ಮೇಲೆ-ಕೆಳಗೆ ಬಾಣ ಒತ್ತಬೇಕು. ಆಗ ಆಯ್ಕೆಯು ಕಾರ್ಡ್‌ನ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪಿನ) ಒಂದು ಸ್ವರದಿಂದ ಇನ್ನೊಂದಕ್ಕೆ, ಕಾರ್ಡ್ ಮುಗಿದ ಮೇಲೆ ಪಕ್ಕದ ಸ್ಟಾಫಿಗೆ ಹೋಗುತ್ತದೆ. ಆಲ್ಟ್ ಹಿಡಿದು ಎಡ-ಬಲ ಬಾಣ ಒತ್ತಿದರೆ ಸ್ವರಗಳಷ್ಟೇ ಅಲ್ಲದೆ ಕ್ಲೆಫ್, ಕೀ ಸಿಗ್ನೇಚರ್, ಡೈನಾಮಿಕ್ಸ್ ಮುಂತಾದವೂ ಒಂದೊಂದಾಗಿ ಸಿಗುತ್ತವೆ. ಹೊಸ ಕೃತಿಯನ್ನು ಮೊದಲ ಸಲ ಓದುವಾಗ ನಿಧಾನವಾದರೂ ಹೀಗೆಯೇ ಓದುವುದು ಲೇಸು. ಸಾಮಾನ್ಯ ಓದಿಗೆ ಬರಿಯ ಎಡ-ಬಲ ಬಾಣಗಳು ಸಾಕು, ಬಾರ್‌ನಿಂದ (ತಾಳದ ಒಂದು ವಿಭಾಗದಿಂದ) ಬಾರ್‌ಗೆ ಜಿಗಿಯಲು ಕಂಟ್ರೋಲ್ ಸೇರಿಸಿ.

ಸ್ವರ ಬದಲಾಯಿತೋ ಜಾಗ ಬದಲಾಯಿತೋ ಎಂಬ ಅನುಮಾನ ಬಂದಾಗ ಸ್ವರದ ಹೆಸರಿನ ಮೇಲೆ ಗಮನ ಇಡಬೇಡಿ, ಸ್ಟಾಫಿನ ಸಂಖ್ಯೆ ಬದಲಾಗಿದೆಯೇ ಎಂಬುದನ್ನು ಆಲಿಸಿ. ಸ್ಟಾಫ್ 1 ಎಂಬುದು ಹಾಗೆಯೇ ಉಳಿದು ಕಾರ್ಡ್‌ ಇಲ್ಲದ ಕಡೆ ಸ್ವರ ಬೇರೆಯಾಗಿದ್ದರೆ ಕೃತಿಯೇ ಬದಲಾಗಿದೆ ಎಂದರ್ಥ, ಕೂಡಲೇ ಕಂಟ್ರೋಲ್ ಮತ್ತು ಜೆಡ್ ಒತ್ತಿ ಹಿಂದಕ್ಕೆ ತನ್ನಿ. ಈಗಾಗಲೇ ಉಳಿಸಿರುವ ಕಡತವನ್ನು ಸ್ವರ ಸ್ವರವಾಗಿ ಸರಿಪಡಿಸುವುದಕ್ಕಿಂತ ಮೂಲ ಕಡತವನ್ನು ಮತ್ತೆ ತರಿಸಿಕೊಂಡು ಅದರ ಪ್ರತಿಯೊಂದರಲ್ಲಿ ಓದುವುದು ಸುಲಭ.

ಮತ್ತೊಬ್ಬರ ಉತ್ತರ

ಎರಡನೆಯ ತೊಂದರೆಯ ಬಗ್ಗೆ ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಏಕೆಂದರೆ ಬ್ರೈಲ್ ಸಂಗೀತ ಲಿಪಿ ಕಲಿತವರು ಎಡವುವುದು ಇಲ್ಲಿಯೇ.

ಬ್ರೈಲ್‌ನಲ್ಲಿ ಪ್ರತಿ ಸ್ವರಕ್ಕೂ ಸ್ಥಾಯಿಯ ಗುರುತು ಹಾಕುವುದಿಲ್ಲ. ಹಿಂದಿನ ಸ್ವರಕ್ಕಿಂತ ಸೆಕೆಂಡ್ (ಪಕ್ಕದ ಸ್ವರ) ಅಥವಾ ಥರ್ಡ್ (ಒಂದು ಬಿಟ್ಟು ಮುಂದಿನದು) ಅಂತರದಲ್ಲಿದ್ದರೆ ಗುರುತು ಬೇಡ. ಸಿಕ್ಸ್ತ್ ಅಥವಾ ಅದಕ್ಕಿಂತ ದೂರವಿದ್ದರೆ ಬೇಕೇ ಬೇಕು. ಫೋರ್ತ್ ಮತ್ತು ಫಿಫ್ತ್ ಅಂತರಗಳಲ್ಲಿ ಸ್ಥಾಯಿ ಬದಲಾದರೆ ಮಾತ್ರ ಗುರುತು ಹಾಕಬೇಕು. ನಾಲ್ಕನೆಯ ಸ್ಥಾಯಿಯ ಜಿ ನಂತರ ಗುರುತಿಲ್ಲದ ಸಿ ಬಂದರೆ ಅದು ಅದೇ ಸ್ಥಾಯಿಯ, ಅಂದರೆ ಕೆಳಗಿನ ಸಿ. ಮೇಲಿನ ಸಿ ಬೇಕಿದ್ದರೆ ಅದರ ಮುಂದೆ ಐದನೆಯ ಸ್ಥಾಯಿಯ ಗುರುತಾದ 4 ಮತ್ತು 6ನೇ ಚುಕ್ಕಿಗಳನ್ನು ಹಾಕುತ್ತೇವೆ. ಮ್ಯೂಸ್‌ಸ್ಕೋರಿನಲ್ಲಿ ಅಕ್ಷರ ಒತ್ತಿ ಸ್ವರ ಬರೆಯುವಾಗ ನಿಯಮ ಬೇರೆ: ಅದು ಸ್ಥಾಯಿಯ ಗಡಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಹಿಂದಿನ ಸ್ವರಕ್ಕೆ ಅತಿ ಹತ್ತಿರದ ಸ್ವರವನ್ನು ಆರಿಸುತ್ತದೆ. ಜಿಯಿಂದ ಮೇಲಿನ ಸಿಗೆ ಫೋರ್ತ್, ಕೆಳಗಿನ ಸಿಗೆ ಫಿಫ್ತ್; ಆದ್ದರಿಂದ ಮೇಲಿನದು ಬರುತ್ತದೆ. ನಿಮ್ಮ ಬೆರಳುಗಳು ಬ್ರೈಲ್ ನಿಯಮವನ್ನು ಪಾಲಿಸುತ್ತಿವೆ, ತಂತ್ರಾಂಶ ತನ್ನ ನಿಯಮವನ್ನು ಪಾಲಿಸುತ್ತಿದೆ. ಸಿ ಒತ್ತಿದೊಡನೆ ಕಂಟ್ರೋಲ್ ಹಿಡಿದು ಕೆಳಬಾಣ ಒಮ್ಮೆ ಒತ್ತಿದರೆ ಅದು ಪೂರ್ತಿ ಒಂದು ಸ್ಥಾಯಿ ಇಳಿಯುತ್ತದೆ, ಮತ್ತು ಮುಂದಿನ ಸ್ವರವನ್ನು ಅಲ್ಲಿಂದಲೇ ಅಳೆಯಲಾಗುತ್ತದೆ.

ಬರೆಯಲು ಆರಂಭಿಸುವ ಮುನ್ನ ಎನ್ ಕೀಲಿಯಿಂದ ಸ್ವರ ಬರೆಯುವ ಸ್ಥಿತಿಗೆ ಹೋಗಿ, ಅಂಕಿಯಿಂದ ಕಾಲಮಾನ ಆರಿಸಿ (5 ಒತ್ತಿದರೆ ಕ್ವಾರ್ಟರ್, 4 ಒತ್ತಿದರೆ ಎಯ್ತ್), ಬರೆದು ಮುಗಿದಾಗ ಎಸ್ಕೇಪ್ ಒತ್ತಿ ಹೊರಬನ್ನಿ. ಕನ್ನಡದಲ್ಲಿ ಏನನ್ನಾದರೂ ಟೈಪ್ ಮಾಡಿದ ಬಳಿಕ ಸ್ವರಗಳೇ ಬಾರದಿದ್ದರೆ ಕೀಲಿಮಣೆಯ ಭಾಷೆಯನ್ನು ವಿಂಡೋಸ್ ಮತ್ತು ಸ್ಪೇಸ್ ಕೀಲಿಗಳಿಂದ ಇಂಗ್ಲಿಷ್‌ಗೆ ಬದಲಿಸಿ ನೋಡಿ. ಸ್ವರದ ನಾದ ಮತ್ತು ಎನ್‌ವಿಡಿಎ ಧ್ವನಿ ಒಂದರ ಮೇಲೊಂದು ಬೀಳುತ್ತಿದ್ದರೆ, ಬರೆಯುವಾಗ ಸ್ವರ ನುಡಿಸುವ ಆಯ್ಕೆಯನ್ನು ಪ್ರಿಫರೆನ್ಸಸ್‌ನಲ್ಲಿ ತೆಗೆದುಹಾಕಬಹುದು.

ಪಿಡಿಎಫ್ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. ಅದರಲ್ಲಿರುವುದು ಪುಟದ ಚಿತ್ರಣವೇ ಹೊರತು ಯಾವ ಸ್ವರ, ಎಷ್ಟು ಕಾಲ ಎಂಬ ಮಾಹಿತಿಯಲ್ಲ. ಚಿತ್ರದಿಂದ ಸ್ವರ ಗುರುತಿಸುವ ತಂತ್ರಾಂಶಗಳಿದ್ದರೂ ಅವುಗಳ ತಪ್ಪುಗಳನ್ನು ಮೂಲದೊಂದಿಗೆ ಹೋಲಿಸಿ ತಿದ್ದಲು ದೃಷ್ಟಿಯುಳ್ಳವರೇ ಬೇಕಾಗುತ್ತದೆ. ಕೃತಿಯನ್ನು ಯಾವುದೇ ಸ್ವರಲಿಪಿ ತಂತ್ರಾಂಶದಲ್ಲಿ ಬರೆದಿದ್ದರೂ ಮ್ಯೂಸಿಕ್‌ಎಕ್ಸ್‌ಎಂಎಲ್ ರೂಪದಲ್ಲಿ ಕಳುಹಿಸುವಂತೆ ಸಹವಾದಕರನ್ನು ಕೇಳಿ. 2004ರಲ್ಲಿ ಮೊದಲ ಆವೃತ್ತಿ ಬಂದಂದಿನಿಂದ ಅದು ತಂತ್ರಾಂಶಗಳ ನಡುವೆ ಕೃತಿಗಳನ್ನು ಸಾಗಿಸುವ ಸಾಮಾನ್ಯ ರೂಪವಾಗಿದೆ, ಪ್ರಮುಖ ತಂತ್ರಾಂಶಗಳಲ್ಲಿ ಎಕ್ಸ್‌ಪೋರ್ಟ್ ಆಯ್ಕೆಯ ಕೆಳಗೆ ಸಿಗುತ್ತದೆ.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಆಲ್ಟ್ ಮತ್ತು ಕೆಳಬಾಣ ಒತ್ತಿದಾಗ ಸ್ಟಾಫ್ 2 ಎಂದು ಸ್ಪಷ್ಟವಾಗಿ ಕೇಳಿಸಿತು. ಜಿ ನಂತರದ ಸಿ ಕೂಡ ಈಗ ಬೇಕಾದಲ್ಲಿಯೇ ಕೂರುತ್ತದೆ. ಸಹವಾದಕರು ಕಳುಹಿಸಿದ ಎಂಎಕ್ಸ್‌ಎಲ್ (ಮ್ಯೂಸಿಕ್‌ಎಕ್ಸ್‌ಎಂಎಲ್‌ನ ಸಂಕುಚಿತ ರೂಪ) ಕಡತ ನೇರವಾಗಿ ತೆರೆಯಿತು. ಒಂದು ಸಂದೇಹ ಉಳಿದಿದೆ: ಎಡಗೈಯಲ್ಲಿ ನಾಲ್ಕು ಸ್ವರಗಳ ಕಾರ್ಡ್‌ಗಳಿವೆ. ಅವನ್ನು ಕೆಳಗಿನಿಂದ ಓದುತ್ತಾ ಹೋದಾಗ ಎಲ್ಲಿ ಕಾರ್ಡ್ ಮುಗಿದು ಬಲಗೈಯ ಸ್ಟಾಫ್ ಆರಂಭವಾಯಿತು ಎಂಬುದು ವೇಗದ ಓದಿನಲ್ಲಿ ತಪ್ಪಿಹೋಗುತ್ತದೆ. ಬ್ರೈಲ್ ಡಿಸ್‌ಪ್ಲೇಯಿಂದ ಸಹಾಯ ಪಡೆಯಬಹುದೇ?

ಉತ್ತರ

ಖಂಡಿತ ಪಡೆಯಬಹುದು. ವ್ಯೂ ಮೆನುವಿನಲ್ಲಿ ಬ್ರೈಲ್ ಪ್ಯಾನೆಲ್ ಅನ್ನು ತೆರೆದಿಡಿ. ನೀವಿರುವ ಬಾರ್ ಅದರಲ್ಲಿ ಬ್ರೈಲ್ ಸಂಗೀತ ಲಿಪಿಯಾಗಿ ಸಿಗುತ್ತದೆ, ಕಾರ್ಡ್ ಒಂದು ಸ್ವರ ಮತ್ತು ಅದರ ಪಕ್ಕದ ಅಂತರ-ಚಿಹ್ನೆಗಳಾಗಿ ಒಟ್ಟಿಗೆ ಬೆರಳಿಗೆ ತಾಗುತ್ತದೆ. ಎಡಗೈಯ ಕಾರ್ಡ್‌ಗಳನ್ನು ಸಾಂಪ್ರದಾಯಿಕವಾಗಿ ಅತಿ ಕೆಳಗಿನ ಸ್ವರದಿಂದ ಮೇಲಕ್ಕೆ ಓದಬೇಕು, ಬಲಗೈಯದನ್ನು ಮೇಲಿನಿಂದ ಕೆಳಕ್ಕೆ. ಧ್ವನಿಯಲ್ಲಿಯೇ ಓದಬೇಕಾದರೆ ಕಂಟ್ರೋಲ್, ಆಲ್ಟ್ ಮತ್ತು ಮೇಲ್ಬಾಣ ಒಟ್ಟಿಗೆ ಒತ್ತಿ: ಆಯ್ಕೆಯು ಆ ಕಾರ್ಡ್‌ನ ಅತಿ ಮೇಲಿನ ಸ್ವರಕ್ಕೆ ಹೋಗುತ್ತದೆ. ತುದಿ ಯಾವುದೆಂದು ಮೊದಲೇ ತಿಳಿದುಕೊಂಡು ಅಲ್ಲಿಂದ ಆಲ್ಟ್ ಮತ್ತು ಕೆಳಬಾಣದಿಂದ ಇಳಿಯುತ್ತಾ ಬಂದರೆ ಬಲಗೈಯ ಸ್ಟಾಫಿಗೆ ದಾಟಿಹೋಗುವ ಪ್ರಶ್ನೆಯೇ ಇರುವುದಿಲ್ಲ.